ಅಂಡಮಾನಿಗೆ ಒಬ್ಬರೇ ಹೊರಟಿರುವ ನಿಮಗೆ

ಒಬ್ಬಳೇ ಹೋದರೆ ಹೊತ್ತು ಕಳೆಯುವುದು ಹೇಗೆ ಎಂದು ಕೇಳಿದ್ದೀರಿ. ಖಂಡಿತ ಹೋಗಿಬನ್ನಿ, ಅಂಡಮಾನ್ ಒಂಟಿ ಪ್ರವಾಸಿಗರಿಗೆ ಒಗ್ಗುವ ಜಾಗ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ 5ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ, ಆದ್ದರಿಂದ ನಸುಕಿನಲ್ಲೇ ಏಳುವ ರೂಢಿ ಮಾಡಿಕೊಳ್ಳಿ.

ಹೆಚ್ಚು ದಿನಗಳನ್ನು ಸ್ವರಾಜ್ ದ್ವೀಪಕ್ಕೆ, ಅಂದರೆ ಹಳೆಯ ಹ್ಯಾವ್‌ಲಾಕ್‌ಗೆ ಕೊಡಿ. ಬಾಡಿಗೆ ಸ್ಕೂಟರ್ ಹಿಡಿದು ಅಡಿಕೆ ತೋಟಗಳ ನಡುವೆ ರಾಧಾನಗರ ಕಡಲತೀರಕ್ಕೆ ಹೋಗುವ ದಾರಿಯೇ ಒಂದು ಸುಖ. ಈಜು ಬಾರದಿದ್ದರೂ ತರಬೇತುದಾರರ ಜೊತೆ ಸ್ಕೂಬಾ ಮಾಡಬಹುದು. ಅಸ್ತಮಾ ಅಥವಾ ಕಿವಿಯ ತೊಂದರೆ ಇದ್ದರೆ ಮುಚ್ಚಿಡದೆ ಮೊದಲೇ ಹೇಳಿ. ನೀರಿಗಿಳಿದ ಮೇಲೆ ಒಂದು ದಿನವಾದರೂ ವಿಮಾನ ಹತ್ತಬೇಡಿ. ರಕ್ತದಲ್ಲಿ ಕರಗಿರುವ ನೈಟ್ರೋಜನ್ ಗುಳ್ಳೆಗಟ್ಟಿ ಅಪಾಯ ತರಬಹುದು.

ಶಹೀದ್ ದ್ವೀಪದಲ್ಲಿ ಸಮುದ್ರದ ಇಳಿತದ ಹೊತ್ತು ವಿಚಾರಿಸಿ, ಸ್ಥಳೀಯ ಗೈಡ್ ಜೊತೆ ಲಕ್ಷ್ಮಣಪುರದ ಕಲ್ಲಿನ ಕಮಾನಿನತ್ತ ನಡೆಯಿರಿ. ಹವಳವನ್ನು ತುಳಿಯಬೇಡಿ, ಅದು ಜೀವಂತ. ಚಿಪ್ಪು, ಹವಳದ ಚೂರುಗಳನ್ನೂ ತರಬೇಡಿ.

ಪೋರ್ಟ್ ಬ್ಲೇರ್‌ನ (ಈಗ ಶ್ರೀ ವಿಜಯಪುರಂ) ಸೆಲ್ಯುಲರ್ ಜೈಲನ್ನು ಮಾತ್ರ ಗುಂಪಿನ ಗದ್ದಲವಿಲ್ಲದೆ ನೋಡಿ. 1906ರಲ್ಲಿ ಪೂರ್ಣಗೊಂಡ ಆ ಜೈಲಿನ ಏಳು ಕಟ್ಟಡ ಸಾಲುಗಳಲ್ಲಿ ಮೂರು ಉಳಿದಿವೆ. ಕೈದಿಗಳನ್ನು ಒಬ್ಬೊಬ್ಬರನ್ನಾಗಿ ಬೇರ್ಪಡಿಸಿದ ಆ ಕೋಣೆಗಳಲ್ಲಿ ಸ್ವಲ್ಪ ಹೊತ್ತು ನಿಂತರೆ ಎದೆ ಭಾರವಾಗುತ್ತದೆ.

ನಿರ್ಜನ ತೀರದಲ್ಲಿ ಈಜಬೇಡಿ, ಅಲ್ಲಿ ಮೊಸಳೆಗಳಿರಬಹುದು. ಹವಾಮಾನ ಕೆಟ್ಟರೆ ದ್ವೀಪಗಳ ನಡುವಿನ ಹಡಗು ರದ್ದಾಗುತ್ತದೆ. ಆದ್ದರಿಂದ ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರ್ ಸೇರಿಕೊಳ್ಳಿ.