ಸಾಕೆಟ್ ಕಲಿಯಾಕ ಯಾವ ಪುಸ್ತಕ?

ರಜೆಯಲ್ಲಿ ರನ್ನ ಬೆಳಗಲಿಯಲ್ಲಿ ಕೂತು ನಾವು ಮೂವರು ಒಂದು ಮಿನಿ ಪ್ರಾಜೆಕ್ಟ್ ಬರೆದೆವು. ಸುತ್ತೆಲ್ಲ ಕಬ್ಬು, ಹಾಗಾಗಿ ವಿಷಯವೂ ಅದೇ: ಕಬ್ಬಿನ ಕಾಟಾದ ತೂಕದ ಚೀಟಿಗಳನ್ನು ಒಂದು ಲ್ಯಾಪ್‌ಟಾಪಿನಿಂದ ಇನ್ನೊಂದಕ್ಕೆ ಟಿಸಿಪಿ ಸಾಕೆಟ್ ಮೂಲಕ ಕಳಿಸುವುದು. ಒಂದೊಂದೇ ಕಳಿಸಿದಾಗ ಎಲ್ಲ ಸರಿ ಇತ್ತು. 200 ಚೀಟಿ ಒಟ್ಟಿಗೆ ಬಿಟ್ಟಾಗ 171ನೆಯದು ಕೆಟ್ಟಿತು. 18450 ಕಿಲೋ ಇರಬೇಕಾದಲ್ಲಿ 1845, ಅದರ ಕೆಳಗೆ ಒಂಟಿ ಸೊನ್ನೆ. ನಿಜವಾದ ಕಾಟಾ ಆಗಿದ್ದರೆ ರೈತ ಸುಮ್ನ ಬಿಡ್ತಿದ್ನೇನು?

ಲೆಕ್ಕ ಹಾಕಿ ನೋಡಿದೆವು. ಐದು ಅಂಕಿ, ಕೊನೆಗೊಂದು ನ್ಯೂಲೈನ್, ಚೀಟಿಗೆ 6 ಬೈಟ್. ನಮ್ಮ ಬಫರ್ 1024. 170 ಚೀಟಿಗೆ 1020 ಬೈಟ್ ಮುಗೀತು. ಉಳಿದ 4ರಲ್ಲಿ ಮುಂದಿನ ಚೀಟಿಯ ನಾಲ್ಕೇ ಅಂಕಿ ಹಿಡಿಸಿದವು. ಟಿಸಿಪಿಗೆ ಚೀಟಿ ಗೊತ್ತಿಲ್ಲ. ಅದು ಕಾಲುವೆ ನೀರಿನಂತೆ ಬೈಟ್ ಹರಿಸುತ್ತದೆ, ಎಲ್ಲಿ ಕಡಿಯಬೇಕೆಂಬುದು ನಮ್ಮ ಕೆಲಸ. ನಾವು ನೋಡಿ ಬರೆದ ಪುಸ್ತಕದಲ್ಲಿ ರಿಸೀವ್ ಕಾಲ್ ಒಂದೇ ಸಲ ಮಾಡಿ, ಪ್ರಿಂಟ್ ಮಾಡಿ ಮುಗಿಸಿದ್ದರು.

ಈಗ ಯಾವ ಪುಸ್ತಕ ಸಿಕ್ಕರೂ ಮೊದಲು ಎರಡು ಪುಟ ತೆಗೆದು ನೋಡ್ತೇವೆ. ರಿಸೀವ್ ಎಷ್ಟು ಬೈಟ್ ಕೊಟ್ಟಿತೆಂದು ಲೂಪಿನಲ್ಲಿ ಎಣಿಸಿದ್ದಾರೋ, 0 ಬಂದರೆ ಆ ಕಡೆಯವರು ಮುಚ್ಚಿದರು ಅಂತ ಹೇಳಿದ್ದಾರೋ ಎಂಬುದು ಒಂದು. ಎರಡನೆಯದು ವಿಳಾಸ ಹುಡುಕುವ ಪುಟ. ಅಲ್ಲಿ ಬರೀ ಗೆಟ್‌ಹೋಸ್ಟ್‌ಬೈನೇಮ್ ಇದ್ದರೆ ಪುಸ್ತಕ ಹಳೇದು. ಗೆಟ್‌ಅಡ್ರ್‌ಇನ್ಫೋ ಇದ್ದರೆ ಐಪಿವಿ6 ಕೂಡ ನಡೆಯುತ್ತದೆ.

ಶುರುವಿಗೆ ಬೀಜ್ ಅವರ ಗೈಡ್ ಸಾಕು, ಪುಕ್ಕಟೆ ಸಿಗುತ್ತದೆ, ಸಿ ಬಂದರೆ ಒಂದು ವಾರದ ಓದು. ಆಮೇಲೆ ರಿಚರ್ಡ್ ಸ್ಟೀವನ್ಸ್ ಅವರ ‘ಯುನಿಕ್ಸ್ ನೆಟ್‌ವರ್ಕ್ ಪ್ರೋಗ್ರಾಮಿಂಗ್’. ಹಳೆ ಪುಸ್ತಕದಂಗಡಿಯಲ್ಲಿ 1990ರ ಮೊದಲ ಆವೃತ್ತಿ ಕಂಡರೆ ಮರುಳಾಗಬೇಡಿ. ಸ್ಟೀವನ್ಸ್ 1999ರಲ್ಲಿ ತೀರಿಕೊಂಡರು. ಫೆನ್ನರ್, ರುಡಾಫ್ ಸೇರಿ ತಿದ್ದಿದ ಮೂರನೆಯ ಆವೃತ್ತಿ 2003ರದು, ಅದನ್ನೇ ಹುಡುಕಿ. ಲಿನಕ್ಸಿನಲ್ಲೇ ಕೆಲಸ ಅನ್ನುವವರು ಕೆರಿಸ್ಕ್ ಅವರ ‘ದಿ ಲಿನಕ್ಸ್ ಪ್ರೋಗ್ರಾಮಿಂಗ್ ಇಂಟರ್‌ಫೇಸ್’ ನೋಡ್ರಿ. ಇಟ್ಟಿಗೆಯಷ್ಟು ದಪ್ಪ ಅಂತ ಹೆದರಬೇಡಿ, ಸಾಕೆಟ್‌ಗೆ ಬೇಕಾದ್ದು 56ರಿಂದ 61ನೇ ಅಧ್ಯಾಯ. ತಾನೆನ್‌ಬಾಮ್ ಪರೀಕ್ಷೆಗೆ ಇದ್ದೇ ಇದೆ.

ಬೆಲೆ? ಹೌದು, ಜಾಸ್ತಿ. ನಮ್ಮೂರ ರನ್ನನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ್ದಳಂತೆ. ನಮಗೆ ಹಾಸ್ಟೆಲಿಗೆ ಒಂದು ಸ್ಟೀವನ್ಸ್ ಸಾಕು. ದುಡ್ಡು ಕೂಡಿಸಿ ತಗೊಳ್ಳಿ, ಉದಾಹರಣೆಗಳನ್ನು ಕೈಯಾರೆ ಟೈಪ್ ಮಾಡಿ, ಮತ್ತ 200 ಚೀಟಿ ಒಮ್ಮೆಲೇ ಬಿಟ್ಟು ನೋಡ್ರಿ.