ಮೈಭಾರವೂ ಓಟವೂ

ನಮ್ಮ ಗಡಿಸೀಮೆಗೆ ಓಟವು ಹೊಸದಲ್ಲ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು 1920ರ ಆಂಟ್ವರ್ಪ್ ಒಲಿಂಪಿಕ್ಸಿನ ಮ್ಯಾರಥಾನ್ ಓಟದಲ್ಲಿ 19ನೆಯವರಾಗಿ ಗುರಿ ಮುಟ್ಟಿದರು. ಬೊಜ್ಜು ಕರಗಿಸಬಯಸುವವರಿಗೆ ಅಷ್ಟು ದೂರವೇನೂ ಬೇಕಿಲ್ಲ. ಮೊದಲ ದಿನವೇ ಏದುಸಿರು ಬಿಡುವಂತೆ ಓಡಿ, ಮೂರನೆಯ ದಿನ ಮೊಣಕಾಲು ಹಿಡಿದು ಕೂಡ್ರುವವರನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಎರಡು ವಾರ ದಿನಾಲು ಅರ್ಧ ತಾಸು ಬಿರುಸಾಗಿ ನಡೆಯಬೇಕು. ಬಳಿಕ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ 20 ನಿಮಿಷ, ದಿನ ಬಿಟ್ಟು ದಿನ. ಓಡುವಾಗ ಜೊತೆಗಾರನೊಡನೆ ಮಾತನಾಡಲು ಆಗದಿದ್ದರೆ ವೇಗ ಹೆಚ್ಚಾಯಿತೆಂದು ತಿಳಿಯತಕ್ಕದ್ದು.

ಸೊಲ್ಲಾಪುರದ ಬೇಸಿಗೆಯ ಉಷ್ಣತೆ 40 ಡಿಗ್ರಿ ಮೀರುವುದರಿಂದ ಸೂರ್ಯೋದಯದ ಹೊತ್ತಿಗೆ ಓಟ ಮುಗಿದಿರಲಿ. ಅಕ್ಕಲಕೋಟೆಯ ಕಡೆ ಎರೆಮಣ್ಣಿನ ದಾರಿಯು ಮಳೆಯಲ್ಲಿ ಜಾರುವುದು, ಬೇಸಿಗೆಯಲ್ಲಿ ಬಿರಿಯುವುದು; ಅಲ್ಲಿ ಶಾಲೆಯ ಮೈದಾನವೇ ಲೇಸು.

ಆದರೆ ಓಟವೊಂದರಿಂದಲೇ ತೂಕ ಇಳಿಯುವುದೆಂಬುದು ಭ್ರಮೆ. 60 ಕಿಲೋ ತೂಕದವರು ಒಂದು ಕಿಲೋಮೀಟರು ಓಡಿದರೆ ವೆಚ್ಚವಾಗುವುದು ಸುಮಾರು 60 ಕ್ಯಾಲೊರಿ. ತುಪ್ಪ ಸವರಿದ ಒಂದು ಶೇಂಗಾ ಹೋಳಿಗೆಗೆ ಮೂರು ಕಿಲೋಮೀಟರು ಓಡಿದರೂ ಲೆಕ್ಕ ಹೊಂದದು! ಜೋಳದ ರೊಟ್ಟಿ, ಪಲ್ಯ, ಬೇಳೆಗಳನ್ನು ಬಿಡಬೇಕಾಗಿಲ್ಲ. ಕರಿದ ಭಜಿಯೂ ಸಕ್ಕರೆ ಸುರಿದ ಚಹವೂ ಪೊಟ್ಟಣದ ತಿನಿಸೂ ತಗ್ಗಲಿ.

ಪಾಲಕರಲ್ಲಿ ಒಂದು ಬಿನ್ನಹ. ಬೆಳೆಯುವ ಮಕ್ಕಳನ್ನು ತೂಕದ ನೆಪದಿಂದ ಉಪವಾಸ ಕೆಡವಬಾರದು. 'ಡುಮ್ಮ'ನೆಂದು ಹೀಯಾಳಿಸಲೂ ಬಾರದು. ನಾಚಿದ ಮಗು ಮೈದಾನಕ್ಕೇ ಬರಲೊಲ್ಲದು. ವಿಶ್ವ ಆರೋಗ್ಯ ಸಂಸ್ಥೆಯು ಮಕ್ಕಳಿಗೆ ಹೇಳುವುದು ದಿನಕ್ಕೆ ಒಂದು ತಾಸಿನ ಆಟ-ಓಟ. ಅವರ ಜೊತೆ ನೀವೂ ಹೊರಡಿರಿ. ಸಿಹಿಮೂತ್ರ, ರಕ್ತದೊತ್ತಡವುಳ್ಳವರು ಮಾತ್ರ ವೈದ್ಯರನ್ನು ಕೇಳಿಯೇ ಓಡತೊಡಗಬೇಕು. ಎದೆ ನೋವು ಕಂಡರೆ ಯಾರೇ ಆಗಲಿ ಕೂಡಲೆ ನಿಲ್ಲಿಸಿ ವೈದ್ಯರಲ್ಲಿಗೆ ಹೋಗತಕ್ಕದ್ದು.