ಅಕ್ಷರ ಉದುರದ ಬೋರ್ಡಿಗೆ ಯಾವ ಅಂಟು?

ಬೆಂಗಳೂರಿನ ರಾಜಾಜಿನಗರದಿಂದ ಕೆಂಗೇರಿ ಉಪನಗರದವರೆಗೆ ಅಂಗಡಿಗಳ ಮೇಲೆ ಕಣ್ಣಾಡಿಸುತ್ತ ಬಂದರೆ ಕೆಲವು ಬೋರ್ಡುಗಳು ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತವೆ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತಲ್ಲ, ಫೆಬ್ರುವರಿ 28ರ ಗಡುವು ಎದುರಿಟ್ಟುಕೊಂಡು ಹಳೇ ಎಸಿಪಿ (ಅಲ್ಯೂಮಿನಿಯಂ ಕಾಂಪೊಸಿಟ್ ಪ್ಯಾನೆಲ್) ಬೋರ್ಡಿನ ಮೇಲೆಯೇ ಅಕ್ರಿಲಿಕ್ ಅಕ್ಷರ ಕೂರಿಸಿಕೊಂಡವರಿದ್ದಾರೆ. ಅವಸರದ ಕೆಲಸದಲ್ಲಿ ಮೊದಲು ಬೀಳುವುದು ಒತ್ತಕ್ಷರ. ‘ಅಕ್ಕಿ’ಯ ಕ-ಒತ್ತು ಬೇರೆಯೇ ತುಂಡು, ಅಂಟಿಗೆ ಸಿಗುವ ಜಾಗ ಎರಡು ಬೆರಳಿನಷ್ಟೂ ಇರದು. ಕತ್ತರಿಸುವಾಗಲೇ ಒತ್ತು, ದೀರ್ಘಗಳನ್ನು ಸಣ್ಣ ಸೇತುವೆ ಬಿಟ್ಟು ಮೂಲ ಅಕ್ಷರಕ್ಕೆ ಸೇರಿಸಿಕೊಡಿ ಎಂದು ಲೇಸರ್ ಕಟಿಂಗ್‌ನವರಿಗೆ ಹೇಳಿ. ಅಂಟಿನ ಮಾತು ಆಮೇಲೆ.

ಅಂಟು ಯಾಕೆ ಬಿಡುತ್ತದೆ?

ತೂಕಕ್ಕಲ್ಲ. ಒಂದಡಿ ಎತ್ತರದ, 5 ಮಿ.ಮೀ. ದಪ್ಪದ ಅಕ್ರಿಲಿಕ್ ಅಕ್ಷರ ಸಾಮಾನ್ಯವಾಗಿ ಕಾಲು ಕಿಲೋ ಆಸುಪಾಸು ತೂಗುತ್ತದೆ. ಅಷ್ಟನ್ನು ಹೊರಲು ಯಾವ ಅಂಟಿಗೂ ಕಷ್ಟವಿಲ್ಲ. ಕಷ್ಟ ಬಿಸಿಲಿನದು. ಅಲ್ಯೂಮಿನಿಯಂಗಿಂತ ಅಕ್ರಿಲಿಕ್ ಸುಮಾರು ಮೂರು ಪಟ್ಟು ಹಿಗ್ಗುತ್ತದೆ. ಎಂಟಡಿ ಉದ್ದದ ಬೋರ್ಡು ಬೆಳಗಿನ ಜಾವಕ್ಕಿಂತ ಮಧ್ಯಾಹ್ನ 30 ಡಿಗ್ರಿ ಹೆಚ್ಚು ಕಾದರೆ ಅದರ ಮೇಲಿನ ಅಕ್ರಿಲಿಕ್ ಹಾಳೆ 5 ಮಿ.ಮೀ. ಬೆಳೆಯುತ್ತದೆ, ಹಿಂದಿನ ಎಸಿಪಿ ಸುಮಾರು ಒಂದೂಮುಕ್ಕಾಲು ಮಿ.ಮೀ. ಅಷ್ಟೇ. ಈ ಎಳೆದಾಟ ದಿನಾ ನಡೆಯುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿತ್ತು. ಅದು ಗಾಳಿಯ ಲೆಕ್ಕ. ಕಾರ್ಡ್ ರೋಡಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಕಡುಬಣ್ಣದ ಬೋರ್ಡು ಇಳಿಹೊತ್ತಿನ ಬಿಸಿಲಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಹಾಗಾಗಿ ಕಲ್ಲಿನಂತೆ ಗಟ್ಟಿಯಾಗುವ ಅಂಟು ಇಲ್ಲಿ ಸೋಲುತ್ತದೆ. ಜಗ್ಗಿ, ಮತ್ತೆ ಮೊದಲಿನಂತಾಗುವ ಅಂಟು ಬೇಕು.

ಅಂಗಡಿಯಲ್ಲಿ ಏನು ಕೇಳಬೇಕು

ಫೆವಿಕ್ವಿಕ್ ಬಗೆಯ ಇನ್‌ಸ್ಟಂಟ್ ಅಂಟು ಹೊರಾಂಗಣಕ್ಕೆ ಬೇಡ. ಬಿರುಸಾಗಿ ಒಣಗಿ ಬಿರುಕುಬಿಡುತ್ತದೆ, ಅಕ್ರಿಲಿಕ್ ಸುತ್ತ ಬಿಳಿ ಬೂದಿಯಂಥ ಕಲೆ ಮೂಡಿಸುತ್ತದೆ. ಅರಾಲ್ಡೈಟ್‌ನಂಥ ಎಪಾಕ್ಸಿ ಲೋಹಕ್ಕೆ ಲೋಹ ಸೇರಿಸಲು ಒಳ್ಳೆಯದೇ, ಆದರೆ ಅದರಲ್ಲಿ ಜಗ್ಗುವ ಗುಣ ಕಡಿಮೆ. ಬಡಗಿಗಳು ಲ್ಯಾಮಿನೇಟ್‌ಗೆ ಬಳಸುವ ರಬ್ಬರ್ ಅಂಟು ಬಿಸಿಲಿಗೆ ಮೆತ್ತಗಾಗುತ್ತದೆ, ಅದರಲ್ಲಿನ ದ್ರಾವಕ ಅಕ್ರಿಲಿಕ್ಕನ್ನು ತಿನ್ನುತ್ತದೆ. ಕ್ಲೋರೋಫಾರ್ಮ್ ಅಕ್ರಿಲಿಕ್‌ಗೆ ಅಕ್ರಿಲಿಕ್ ಬೆಸೆಯುತ್ತದೆ, ಲೋಹಕ್ಕೆ ಏನೂ ಮಾಡದು.

ಉಳಿಯುವುದು ಮೂರು ದಾರಿ. ಮೊದಲನೆಯದು ವಿಎಚ್‌ಬಿ ಮಾದರಿಯ ಅಕ್ರಿಲಿಕ್ ಫೋಮ್ ಟೇಪ್. ಸಾಮಾನ್ಯ ಡಬಲ್ ಟೇಪನ್ನೇ ಆ ಹೆಸರಲ್ಲಿ ಕೊಟ್ಟಾರು, ಎಚ್ಚರ. ಇಂಥ ಟೇಪು ತನ್ನ ದಪ್ಪದ ಮೂರು ಪಟ್ಟಿನಷ್ಟು ಅತ್ತಿತ್ತ ಸರಿದಾಟ ತಾಳಿಕೊಳ್ಳುತ್ತದೆ, 1.1 ಮಿ.ಮೀ. ದಪ್ಪದ್ದಾದರೆ ಮೇಲಿನ ಎಂಟಡಿ ಲೆಕ್ಕಕ್ಕೂ ಸಾಕು. ಕಿಲೋ ತೂಕಕ್ಕೆ 60 ಚದರ ಸೆಂ.ಮೀ. ಟೇಪ್ ಎಂಬುದು ವಾಡಿಕೆಯ ಲೆಕ್ಕ. ಗಾಳಿ ಬಡಿಯುವ ಜಾಗವಾದರೆ ಧಾರಾಳವಾಗಿ ಹಾಕಿ.

ಎರಡನೆಯದು ನ್ಯೂಟ್ರಲ್ ಸಿಲಿಕೋನ್ ಅಥವಾ ಎಂಎಸ್ ಪಾಲಿಮರ್. ವಿನೆಗರ್ ವಾಸನೆ ಬರುವ ಸಿಲಿಕೋನ್ ಟ್ಯೂಬ್ ಅಗ್ಗಕ್ಕೆ ಸಿಗುತ್ತದೆ. ಅದರ ಆಮ್ಲ ಲೋಹವನ್ನೂ ಎಲ್‌ಇಡಿ ಸಂಪರ್ಕಗಳನ್ನೂ ಕೊರೆಯುತ್ತದೆ. ಪಾಲಿಕಾರ್ಬೊನೇಟ್ ಹಾಳೆಯಾದರೆ ಅಲ್ಕಾಕ್ಸಿ ಬಗೆಯದನ್ನೇ ಕೇಳಿ. ಇನ್ನೊಂದು ಮಾತು: ಸಿಲಿಕೋನ್ ಒಮ್ಮೆ ತಾಗಿದ ಮೈಗೆ ಮುಂದೆ ಬೇರೆ ಅಂಟಾಗಲೀ ಪೇಂಟಾಗಲೀ ಹಿಡಿಯದು.

ಮೂರನೆಯದು ಎರಡು ಟ್ಯೂಬಿನ ಎಂಎಂಎ ಅಂಟು. ಬಲ ಹೆಚ್ಚು, ವಾಸನೆ ಅದಕ್ಕಿಂತ ಹೆಚ್ಚು. ಕಾಮಾಕ್ಷಿಪಾಳ್ಯದಂಥ ಕಡೆ ಇಕ್ಕಟ್ಟಿನ ಶೆಡ್ಡಿನೊಳಗೆ ಬಾಗಿಲು ಹಾಕಿಕೊಂಡು ಬಳಸುವಂಥದ್ದಲ್ಲ.

ನನ್ನ ಆಯ್ಕೆ ಟೇಪು, ಸಿಲಿಕೋನ್ ಎರಡೂ. ಟೇಪು ಕೂಡಲೇ ಹಿಡಿದುಕೊಳ್ಳುತ್ತದೆ, ನಡುವೆ ಸಮನಾದ ಸಂದು ಉಳಿಸುತ್ತದೆ. ಸಿಲಿಕೋನ್ ನಿಧಾನವಾಗಿ ಬಲ ತುಂಬುತ್ತದೆ.

ಅಂಟಿಸುವ ಕ್ರಮ

ಎಸಿಪಿ ಮೇಲಿನ ರಕ್ಷಣೆಯ ಪ್ಲಾಸ್ಟಿಕ್ ಪರೆ ಪೂರ್ತಿ ಕಿತ್ತುಹಾಕಿ. ಇದನ್ನು ಮರೆತು ಪರೆಯ ಮೇಲೇ ಅಂಟಿಸುವವರಿಗೆ ಕೊರತೆಯಿಲ್ಲ. ಹಳೇ ಬೋರ್ಡಾದರೆ ಸೋಪುನೀರಲ್ಲಿ ಧೂಳು, ಹೊಗೆಯ ಜಿಡ್ಡು ತೊಳೆದು ಒಣಗಿಸಿ, ಅಂಟು ಕೂರುವ ಜಾಗವನ್ನಷ್ಟೇ ನಯವಾದ ಉಪ್ಪುಕಾಗದದಿಂದ ತುಸು ಉಜ್ಜಿ. ಪಿವಿಡಿಎಫ್ ಲೇಪನದ ಹಾಳೆ ಅಂಟಿಗೆ ಸುಲಭವಾಗಿ ಒಗ್ಗುವುದಿಲ್ಲ, ಅದಕ್ಕೆ ಪ್ರೈಮರ್ ಬೇಕಾದೀತು. ಕೊನೆಗೆ ಐಸೋಪ್ರೊಪೈಲ್ ಆಲ್ಕೊಹಾಲಿಗೆ ಅಷ್ಟೇ ನೀರು ಬೆರೆಸಿ ಒರೆಸಿ, ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಐಪಿಎ ಎಂದರೆ ಕೊಡುತ್ತಾರೆ. ಇದು ಲೋಹದ ಮೈಗೆ ಮಾತ್ರ. ಲೇಸರ್‌ನಲ್ಲಿ ಕತ್ತರಿಸಿದ ಅಕ್ರಿಲಿಕ್ ಅಂಚಿಗೆ ತಾಗಿದರೆ ಕೂದಲೆಳೆಯ ಬಿರುಕುಗಳು ಏಳುತ್ತವೆ. ಅಕ್ರಿಲಿಕ್‌ಗೆ ಸೋಪುನೀರು, ಮೆತ್ತನೆ ಬಟ್ಟೆ ಸಾಕು. ಥಿನ್ನರ್, ಪೆಟ್ರೋಲ್ ಹತ್ತಿರ ಸುಳಿಯಬಾರದು.

ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಬೇಗ ಏಣಿ ಹಾಕಬೇಡಿ, ತಗಡಿನ ಮೇಲೆ ಇಬ್ಬನಿ ಕೂತಿರುತ್ತದೆ. ಇಬ್ಬನಿ ಆರಿದ ಮೇಲೆ ನೆರಳಿನಲ್ಲಿ ಕೆಲಸ ಶುರುಮಾಡಿ. ಟೇಪನ್ನು ರೋಲರ್‌ನಿಂದ ಒತ್ತಿ. ಬೆರಳಿನ ಒತ್ತು ಸಾಲದು. ಪೂರ್ತಿ ಬಲ ಬರಲು 72 ಗಂಟೆ ಬೇಕು.

ಸಿಲಿಕೋನನ್ನು ಇಡೀ ಮೈಗೆ ಬಳಿಯಬೇಡಿ. ಅದು ಗಟ್ಟಿಯಾಗುವುದು ಗಾಳಿಯ ತೇವದಿಂದ, ಅದೂ ದಿನಕ್ಕೆ ಎರಡು ಮೂರು ಮಿ.ಮೀ. ಮಾತ್ರ. ತಗಡಿಗೂ ಅಕ್ರಿಲಿಕ್‌ಗೂ ನಡುವೆ ಸಿಕ್ಕಿಕೊಂಡದ್ದು ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಮೇಲಿನಿಂದ ಕೆಳಕ್ಕೆ ಪಟ್ಟೆ ಪಟ್ಟೆಯಾಗಿ ಹಾಕಿ. ಗಾಳಿ ಆಡುತ್ತದೆ, ಮಳೆನೀರೂ ನಿಲ್ಲದೆ ಜಾರುತ್ತದೆ. ಮೇಲಂಚು ಮುಚ್ಚಿ, ಕೆಳಂಚು ತೆರೆದಿರಲಿ.

ಸಾಧ್ಯವಾದರೆ ಮೊದಲು ತುಣುಕೊಂದನ್ನು ಅಂಟಿಸಿ, ಹದಿನೈದು ದಿನ ತಾರಸಿಯ ಬಿಸಿಲಲ್ಲಿಟ್ಟು, ನಡುವೆ ಒಂದೆರಡು ಸಲ ನೀರಲ್ಲಿ ನೆನೆಸಿ, ಕಿತ್ತು ನೋಡಿ. ಅಂಟು ಎರಡೂ ಕಡೆ ಉಳಿದಿದ್ದರೆ ಆಯ್ಕೆ ಸರಿ. ಒಂದು ಮೈ ಚೊಕ್ಕಟವಾಗಿ ಬಿಟ್ಟುಕೊಂಡಿದ್ದರೆ ಆ ಮೈ ಶುಚಿಯಾಗಿರಲಿಲ್ಲ, ಇಲ್ಲವೇ ಪ್ರೈಮರ್ ಬೇಕಿತ್ತು. ಎಸಿಪಿಯ ಬಣ್ಣವೇ ಕಿತ್ತುಬಂದರೆ ಅಂಟು ಬದಲಿಸಿ ಪ್ರಯೋಜನವಿಲ್ಲ. ಅಂಥ ಬೋರ್ಡಿಗೂ, ಫುಟ್‌ಪಾತಿನ ಮೇಲೆ ಚಾಚಿಕೊಂಡ ಭಾರದ ಬೋರ್ಡಿಗೂ ಸ್ಕ್ರೂ ಹಾಕಿಸಿ, ಅಕ್ರಿಲಿಕ್‌ನ ತೂತು ಸ್ಕ್ರೂಗಿಂತ ಒಂದೆರಡು ಮಿ.ಮೀ. ದೊಡ್ಡದಿರಲಿ.